ತೆಗೆಯಬೇಡ ಎಂದ ಬಾಗಿಲು

ಗಲ್ಫಿನ ಖೈತಾನ್ ಊರಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫ್ರೆಂಚ್ ಕಲಿಸುತ್ತಿರುವ ಚಂದ್ರಪ್ರಭಾ ಮಿಸ್, ಹಳೆಯ ಫ್ರೆಂಚ್ ಕಥೆಗಳ ಪಾಠ ಬಂತೆಂದರೆ ಮೊದಲು ಕೊನೆಯ ನೀತಿಪದ್ಯಕ್ಕೆ ಮಕ್ಕಳಿಂದ ಅಡ್ಡಗೆರೆ ಎಳೆಸುತ್ತಾರೆ. "ಕಥೆ ಕಟ್ಟಿದ್ದು ರಾಟೆ ಮುಂದೆ ಕೂತ ಹೆಂಗಸರು. ನೀತಿ ಅಂಟಿಸಿದ್ದು ವಿಗ್ ಹಾಕ್ಕೊಂಡ ಅರಮನೆ ಗಂಡಸರು" ಎನ್ನುತ್ತ, ಆ ವಿಗ್ಗುಗಳ ಪೌಡರಿಗೆ ಈಗಲೂ ಸೀನು ಬಂದವರಂತೆ ಮೂಗು ಉಜ್ಜಿಕೊಳ್ಳುತ್ತಾರೆ. ಹೊರಗೆ ಐವತ್ತು ಡಿಗ್ರಿ ಬಿಸಿಲಿದ್ದರೂ ಅವರ ಕ್ಲಾಸಿನ ಬಾಗಿಲು ತೆರೆದೇ ಇರಬೇಕು. ಏಸಿ ಹಾಳಾಗುತ್ತದೆ ಎಂದವರಿಗೆ "ಆಗ್ಲಿ" ಎಂಬ ಒಂದೇ ಉತ್ತರ. ಮುನ್ನೂರು ವರ್ಷವಾದರೂ ಈ ಕಥೆಗಳು ಯಾಕೆ ಸಾಯಲಿಲ್ಲ ಎಂದು ಕೇಳಿದರೆ, "ಹೆದರಿಸೋರು ಇನ್ನೂ ಸತ್ತಿಲ್ವಲ್ಲ" ಎನ್ನುತ್ತಾರೆ. ಹೆಂಡತಿಗೆ ಬೀಗದಕೈ ಗೊಂಚಲನ್ನೇ ಕೊಟ್ಟು, ತಾನು ಕೊಂದ ಹಿಂದಿನ ಹೆಂಡತಿಯರ ಹೆಣಗಳಿರುವ ಒಂದು ಕೋಣೆ ಮಾತ್ರ ತೆಗೆಯಬೇಡ ಎನ್ನುವ ಸಿರಿವಂತ ಗಂಡನ ಕಥೆ ಎಂಟನೇ ಕ್ಲಾಸಿಗೆ ಬೇಡವೆಂದು ಸೂಪರ್‌ವೈಸರ್ ಧನಂಜಯ್ ಪ್ರತಿ ವರ್ಷ ಹೇಳುತ್ತಾರೆ. ಮಿಸ್ "ಆಯ್ತು ಸರ್" ಎಂದು ಬಂದು ಪ್ರತಿ ವರ್ಷ ಮೊದಲು ಅದನ್ನೇ ಓದಿಸುತ್ತಾರೆ. "ಬಟ್ ಮಿಸ್, ಅವ್ಳು ಹೇಳಿದ್ ಮಾತು ಕೇಳ್ಲಿಲ್ಲ" ಎಂದಳು ಈ ವರ್ಷದ ಶ್ರಾವಣಿ. "ಅದಕ್ಕೇ ಬದುಕಿದ್ಳು. ಬರ್ಕೋ." ಮನೆಗೆ ಬಣ್ಣ ಬಳಿಯಲು ಬರುವವನಿಗೂ ಅವರದೊಂದು ಖಾಯಂ ಆಜ್ಞೆಯಿದೆ: ಮಲಗುವ ಕೋಣೆಯ ಬಾಗಿಲ ಹೊರಮೈಯಲ್ಲಿರುವ ನಾಲ್ಕು ಸ್ಕ್ರೂ ತೂತುಗಳನ್ನು ಮುಚ್ಚಕೂಡದು. ಗಂಡ ಆಫೀಸಿಗೆ ಹೊರಡುವಾಗ ಹೊರಗಿನಿಂದ ಹಾಕಿ ಹೋಗುತ್ತಿದ್ದ ಚಿಲಕ ಅಲ್ಲಿತ್ತು. ಶಾಲೆಯ ಕೆಲಸಕ್ಕೆ ಸೇರುವುದಕ್ಕೆ ಹಿಂದಿನ ಶುಕ್ರವಾರ ಅವರು ಅದನ್ನು ಅವನೆದುರೇ ಬಿಚ್ಚಿ, ಅವನ ಕೈಗೇ ಕೊಟ್ಟಿದ್ದರು.