ಅಕ್ಕನ ಎಡೆಗೆ ಯಾವ ಕಾಳು

ಆ ಗುರುವಾರ ನಾನು ಹಾಸನದಿಂದ ಬಂದು ಮೆಟ್ಟಿಲು ಹತ್ತುವಾಗ ಏಳು ಗಂಟೆ ದಾಟಿತ್ತು. ಹೊಳೆನರಸೀಪುರದಲ್ಲಿ ನಾನೂ ಅಕ್ಕನೂ ಬಾಡಿಗೆಗಿದ್ದ ಮನೆ ಮೊದಲನೇ ಮಹಡಿಯದು. ಅಡುಗೆಮನೆಯ ಕಿಟಕಿ ಮೆಟ್ಟಿಲ ಕಡೆಗೇ ತೆರೆದುಕೊಳ್ಳುವುದರಿಂದ ಒಳಗೆ ಏನು ಬೇಯುತ್ತಿದೆ ಎಂಬುದು ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಗೊತ್ತಾಗುತ್ತಿತ್ತು. ಅವತ್ತು ಹುರುಳಿ.

"ಯಾಕೆ ಲೇಟು?" ಎಂದಳು ಅಕ್ಕ, ಒಲೆಯ ಕಡೆಯಿಂದ ತಿರುಗದೆ.

"ಮೊಸಳೆಹೊಸಳ್ಳಿ ಹತ್ರ ಬಸ್ ಪಂಕ್ಚರ್ ಆಯ್ತು."

"ನೀನು ಇಳ್ದಿದ್ರೆ ಅಗುರಾಗಿ ತಾನೇ ಓಡೋದು. ಕೈಕಾಲು ತೊಳ್ಕೊಂಡು ಬಾ, ಓಗು."

ನಾನು ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ಕುಕ್ಕರ್ ಇಳಿದಿತ್ತು. ಬೆಂದ ಕಾಳನ್ನು ಬಸಿದು, ಬಸಿದ ನೀರಿಗೆ ರುಬ್ಬಿದ ಖಾರ ಹಾಕಿ ಕುದಿಯಲು ಇಟ್ಟಿದ್ದಳು. ಇನ್ನೊಂದು ಒಲೆಯ ಮೇಲೆ ಮುದ್ದೆ ತಿರುವುತ್ತಿದ್ದಳು. ಬಸಿದ ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ, ಬಸಿದ ನೀರು ಬಸ್ಸಾರು. ಒಂದೇ ಕುಕ್ಕರಿನಲ್ಲಿ ಎರಡು ಅಡುಗೆ, ಅರ್ಧ ಗಂಟೆಯೊಳಗೆ. ಉಣ್ಣುವಾಗ ಟಿವಿ ಹಾಕಿದ್ದೆವು. ಹಾಸನದಲ್ಲಿ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ ಒಬ್ಬರು ಕನ್ನಡಕವನ್ನು ತಲೆಯ ಮೇಲೇ ಏರಿಸಿಕೊಂಡು ಮೇಜಿನ ತುಂಬ ಹುಡುಕಿದ್ದನ್ನು ಹೇಳಿದೆ. ಅಕ್ಕ ನಕ್ಕಳು. ಅಷ್ಟೇ ಆ ದಿನದಲ್ಲಿ ನಡೆದದ್ದು.

ಮಾರನೆಯ ದಿನ ಶಾಲೆಯ ಅಡುಗೆಕೋಣೆಯಲ್ಲಿ ಅಕ್ಕಿ ತೊಳೆಯುತ್ತಿದ್ದ ಅಕ್ಕ ತಲೆ ಭಾರ ಎಂದು ಗೋಡೆಗೆ ಒರಗಿ ಕುಳಿತಳಂತೆ. ಮೇಷ್ಟ್ರುಗಳೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಹಾಸನಕ್ಕೆ. ಶನಿವಾರ ಮಧ್ಯಾಹ್ನ ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಐವತ್ತೆರಡು ವರ್ಷ.

ಅಕ್ಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳ ಗಂಡ ತೀರಿಕೊಂಡ ಮೇಲೆ, ನನ್ನ ಸಂಸಾರವೂ ನಿಲ್ಲದೆ ಹೋದ ಮೇಲೆ, ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಒಂದು ಮನೆ ಮಾಡಿದೆವು. ಅವಳಿಗೆ ಶಾಲೆ ಹತ್ತಿರ, ನನಗೆ ಹಾಸನಕ್ಕೆ ಬಸ್ಸೂ ರೈಲೂ ಇತ್ತು. ಹಗಲೆಲ್ಲ ನೂರಾರು ಮಕ್ಕಳಿಗೆ ಬೇಯಿಸಿ ಬಂದವಳಿಗೆ ಸಂಜೆ ಮತ್ತೆ ಒಲೆಯ ಮುಂದೆ ಬಹಳ ಹೊತ್ತು ನಿಲ್ಲುವ ಮನಸ್ಸಿರುತ್ತಿರಲಿಲ್ಲ. "ಇಬ್ರಿಗೆ ಮಾಡೋದು ಬೊಂಬೆ ಆಟ ಕಣೆ" ಎನ್ನುತ್ತಿದ್ದಳು. ಆದರೂ ನನ್ನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಪಾತ್ರೆ ತೊಳೆಯುವುದು ನನ್ನ ಕೆಲಸ.

ನಮ್ಮ ಮನೆಯಲ್ಲಿ ಬಾಡು ಭಾನುವಾರ ಮಾತ್ರ, ಅದೂ ಎಲ್ಲ ಭಾನುವಾರ ಅಲ್ಲ. ಉಳಿದ ದಿನವೆಲ್ಲ ಕಾಳು. ಒಲೆಯ ಪಕ್ಕದ ಹಲಗೆಯ ಮೇಲೆ ಡಬ್ಬಗಳು ಸಾಲಾಗಿದ್ದವು: ಹುರುಳಿ, ಅಲಸಂದೆ, ಹೆಸರು, ಕಡಲೆ, ಒಣ ಅವರೆ, ತೊಗರಿಬೇಳೆ. ಎಲ್ಲ ಊರಿನಿಂದ, ಅಣ್ಣನ ಮನೆಯಿಂದ ಬಂದವು. ನಮ್ಮೂರು ಕೊಣನೂರಿಗೆ ಹತ್ತಿರ. ಅಣ್ಣ ಬಿಸಿಲಿನಲ್ಲಿ ಒಣಗಿಸಿ, ಹುಳ ಹಿಡಿಯದ ಹಾಗೆ ಹರಳೆಣ್ಣೆ ಸವರಿ ಚೀಲದಲ್ಲಿ ಕಳಿಸುತ್ತಿದ್ದ.

ಅಕ್ಕ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾಲ್ಕು ಹಿಡಿ ಕಾಳು ನೆನೆಹಾಕುತ್ತಿದ್ದಳು. ಮರೆತ ದಿನ ಸಂಜೆ ಬಂದವಳೇ ಹಾಟ್‌ಬಾಕ್ಸಿಗೆ ಕಾಳು ಹಾಕಿ, ಕುದಿಯುವ ನೀರು ಸುರಿದು ಮುಚ್ಚಿಡುತ್ತಿದ್ದಳು. ನಾನು ಬರುವಷ್ಟರಲ್ಲಿ ಅದು ರಾತ್ರಿಯೆಲ್ಲ ನೆನೆದಷ್ಟು ಉಬ್ಬಿರುತ್ತಿತ್ತು. ಅದೂ ಆಗದ ದಿನ ಹೆಸರುಕಾಳು. ಅದನ್ನು ನೆನೆಸಬೇಕಾಗಿಲ್ಲ, ಬಾಣಲೆಯಲ್ಲಿ ಬೆಚ್ಚಗೆ ಹುರಿದು ಕುಕ್ಕರಿಗೆ ಹಾಕಿದರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊಬ್ಬರಿ ಎಲ್ಲವನ್ನೂ ಭಾನುವಾರವೇ ಹುರಿದು ರುಬ್ಬಿ ಫ್ರಿಜ್ಜಿನಲ್ಲಿ ಇಟ್ಟಿರುತ್ತಿದ್ದಳು. ತೀರ ಸುಸ್ತಾದ ದಿನ ಉಪ್ಪುಸಾರು. ಕಾಳು ಬೇಯಿಸಿದ ನೀರಿಗೆ ಬರೀ ಉಪ್ಪು, ಪಕ್ಕದಲ್ಲಿ ಮೆಣಸಿನಕಾಯಿ ಬೆಳ್ಳುಳ್ಳಿ ಹುಣಸೆಹಣ್ಣು ಅರೆದ ಖಾರ. ಎಷ್ಟು ಬೇಕೋ ಅಷ್ಟು ಖಾರವನ್ನು ತಟ್ಟೆಯಲ್ಲೇ ಕಲಸಿಕೊಂಡು ಮುದ್ದೆ ಉಣ್ಣುವುದು.

ಒಮ್ಮೆ ಹಾಸನದ ದೊಡ್ಡ ಅಂಗಡಿಯೊಂದರಿಂದ ಬೇಯಿಸಿದ ಬಿಳಿ ಕಡಲೆಯ ಟಿನ್ನು ತಂದಿದ್ದೆ. ಅವಳ ಕೆಲಸ ಉಳಿಯಲಿ ಎಂದು. ಅಕ್ಕ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಯಾರೋ ನೆನ್ಸಿ, ಬೇಯ್ಸಿ, ನೀರಲ್ಲಿ ಬುಟ್ಟು ಮುಚ್ಚಳ ಆಕಿ ಕಳ್ಸವ್ರೆ. ಅಗಿಯೋಕೂ ಯಾರ್ನಾದ್ರೂ ಒಳಗೆ ಕೂರ್ಸವ್ರಾ ನೋಡು."

ಬೈದುಕೊಂಡೇ ಎರಡು ಸಲ ತೊಳೆದು, ಖಾರ ಹಾಕಿ ಒಂದು ಕುದಿ ಕುದಿಸಿದಳು. ಹತ್ತು ನಿಮಿಷದಲ್ಲಿ ಸಾರು ಆಯಿತು. ಚೆನ್ನಾಗಿತ್ತು. "ಇನ್ನೊಂದು ತರ್ಲಾ?" ಎಂದೆ. "ನಿಂಗೆ ಬೇಕಾದ್ರೆ ತಾ" ಎಂದಳು.

ಅಕ್ಕನನ್ನು ಊರಿಗೆ ಕರೆದುಕೊಂಡು ಹೋಗಿ ಅಣ್ಣನ ಹೊಲದ ಬದಿಯಲ್ಲಿ ಮಣ್ಣು ಮಾಡಿದೆವು. ನಮ್ಮಲ್ಲಿ ಮೂರನೇ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಆವತ್ತು ಸತ್ತವರಿಗೆ ಇಷ್ಟವಾದದ್ದನ್ನು ಬಾಳೆ ಎಲೆಯಲ್ಲಿ ಬಡಿಸಿ ಎಡೆ ಇಡಬೇಕು. ಹನ್ನೊಂದನೇ ದಿನ ತಿಥಿಗೆ ಮನೆಯೊಳಗೆ ಇನ್ನೊಂದು ಎಡೆ. ಇಷ್ಟವಾದದ್ದು ಸಿಗದೆ ಹೋದರೆ ಹೋದವರು ಹಸಿದುಕೊಂಡೇ ಇರುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನಾನು ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ಎಂದು ಆವರೆಗೆ ಯೋಚಿಸಿರಲಿಲ್ಲ.

ಹಾಲು ತುಪ್ಪದ ಹಿಂದಿನ ಸಂಜೆ ಅಣ್ಣ ಕೇಳಿದ. "ಅವಳ್ಗೆ ಏನವ್ವಾ ಇಷ್ಟ? ನೀನಲ್ವಾ ಜೊತೇಲಿದ್ದೋಳು."

"ಹುರುಳಿಕಾಳು ಬಸ್ಸಾರು" ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ಹನ್ನೊಂದು ವರ್ಷ ವಾರಕ್ಕೆ ಎರಡು ಸಲ ನಮ್ಮ ಮನೆಯಲ್ಲಿ ಅದೇ ಆಗಿತ್ತು.

ಬೆಳಿಗ್ಗೆ ನಾನೇ ಮಾಡಿದೆ. ಅಕ್ಕ ಮಾಡುವುದನ್ನು ಹಿಂದೆ ನಿಂತು ನೋಡಿದ್ದಷ್ಟೇ ನನ್ನ ಪಾಠ. ಸಾರು ಸ್ವಲ್ಪ ತೆಳುವಾಯಿತು. ಮುದ್ದೆ, ಬಸ್ಸಾರು, ಪಲ್ಯ, ಅತ್ತಿಗೆ ಕರಿದ ಉದ್ದಿನ ವಡೆ, ಎಲ್ಲವನ್ನೂ ಗುಂಡಿಯ ಮುಂದೆ ಎಲೆಗೆ ಬಡಿಸಿ ದೂರ ನಿಂತೆವು. ಕಾಗೆ ಬಂತು, ವಡೆ ಎತ್ತಿಕೊಂಡು ಹೋಯಿತು. ಇನ್ನೊಂದು ಬಂತು, ಅದೂ ವಡೆ. ಹುರುಳಿಯ ಹತ್ತಿರ ಯಾವುದೂ ಹೋಗಲಿಲ್ಲ. ವಡೆ ಇರುವಾಗ ಯಾವ ಕಾಗೆಯೂ ಹುರುಳಿ ಮುಟ್ಟುವುದಿಲ್ಲ ಎಂದು ಅಣ್ಣ ಹೇಳಿದ. ಸರಿ ಅನಿಸಿತು.

ಅಷ್ಟರಲ್ಲಿ ಚಿಕ್ಕಮ್ಮ ಬಂದಳು. ನಮ್ಮ ತಾಯಿಯ ತಂಗಿ, ಚನ್ನರಾಯಪಟ್ಟಣದವಳು. ಅಕ್ಕ ಹತ್ತು ವರ್ಷದವಳಾಗುವವರೆಗೆ ಅವಳ ಮನೆಯಲ್ಲೇ ಬೆಳೆದದ್ದು. ಬಸ್ಸು ತಪ್ಪಿ ತಡವಾಗಿತ್ತು. ಗುಂಡಿಗೆ ಕೈ ಮುಗಿದು, ಅತ್ತು, ಕಣ್ಣು ಒರೆಸಿಕೊಂಡು ಎಲೆ ನೋಡಿದಳು.

"ಇದ್ಯಾವ ಸಾರು?"

"ಹುರುಳಿ, ಚಿಕ್ಕಮ್ಮ."

"ಉಳ್ಳಿಯಾ? ಅವಳ್ಗೆ ಉಳ್ಳಿ ಕಂಡ್ರೆ ಆಯ್ತಿರ್ಲಿಲ್ವಲ್ಲೆ! ಎತ್ತಿಗೆ ಇಕ್ಕೋದ್ನ ನಂಗ್ ಇಕ್ತೀಯ ಅಂತ ತಟ್ಟೆ ತಳ್ಬುಡೋಳು. ಬೇಯೋ ವಾಸ್ನೆಗೆ ಆಚೆ ಓಡೋಗೋಳು. ಯಾರೇ ಏಳಿದ್ದು ನಿಂಗೆ?"

"ವಾರಕ್ಕೆ ಎರಡು ಸಲ ಮಾಡ್ತಿದ್ಲು."

"ನಿಂಗೆ ಇಷ್ಟ ಅಂತ ಮಾಡವ್ಳೆ ಬುಡು."

ಮನೆ ಮಾಡಿದ ಮೊದಲ ವಾರ ಅಕ್ಕ ಹುರುಳಿ ಬಸ್ಸಾರು ಮಾಡಿದ್ದಳು. ಊರಿಂದ ಬಂದ ಚೀಲದಲ್ಲಿ ಮೊದಲು ಕೈಗೆ ಸಿಕ್ಕಿದ್ದು ಅದೇ. ಹೊಸ ಮನೆಯಲ್ಲಿ ಇಬ್ಬರಿಗೂ ಮಾತು ಕಡಿಮೆ. ಏನಾದರೂ ಹೇಳಬೇಕಲ್ಲ ಎಂದು "ಚೆನ್ನಾಗೈತೆ ಕಣಕ್ಕ" ಎಂದಿದ್ದೆ. ನನಗೆ ಹುರುಳಿ ಬೇಡ ಎಂದೇನಲ್ಲ, ಆದರೆ ವಾರಕ್ಕೆ ಎರಡು ಸಲ ಬೇಕೆನ್ನುವಷ್ಟು ಇಷ್ಟವೂ ಅಲ್ಲ. ಅವಳಿಗೆ ಇಷ್ಟ, ಮಾಡಿಕೊಳ್ಳಲಿ ಎಂದು ಉಣ್ಣುತ್ತಿದ್ದೆ. ಇದನ್ನು ಆ ದಿನ ಹೊಲದಿಂದ ಬರುವಾಗ ಅಣ್ಣನಿಗೆ ಹೇಳಿದೆ. ಅವನು ನಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಇಬ್ರೂ ಬ್ಯಾಡ್ದೆ ಇರೋದ್ನ ಬೇಯ್ಸ್ಕೊಂಡು ತಿಂದ್ರಾ? ನಾನಿಲ್ಲಿ ನಿಮ್ಗೆ ಇಷ್ಟ ಅಂತ ಎತ್ತಿಗೂ ಇಕ್ದೆ ಕಳಿಸ್ತಿದ್ದೆ ಕಣೆ."

ಅವನು ನಕ್ಕ. ನಾನೂ ನಕ್ಕೆ. ಹಿಂದೆ ಬರುತ್ತಿದ್ದ ಚಿಕ್ಕಮ್ಮ ಇಬ್ಬರಿಗೂ ಬೈದಳು.

ತಿಥಿಗೆ ಎಂಟು ದಿನವಿತ್ತು. ಆ ಎಡೆಯಾದರೂ ಸರಿಯಾಗಬೇಕು ಎಂದು ಮನಸ್ಸಿಗೆ ಬಂತು. ಬೇರೆ ಏನೂ ನನ್ನ ಕೈಯಲ್ಲಿರಲಿಲ್ಲ. ಹಾಗಾದರೆ ಅವಳಿಗೆ ಇಷ್ಟವಾದದ್ದು ಯಾವುದು ಎಂದು ಚಿಕ್ಕಮ್ಮನನ್ನೇ ಕೇಳಿದೆ.

"ಅಲಸಂದೆಕಾಳು ತಿನ್ನೋಳು... ಇಲ್ಲ, ಅದು ನನ್ ಮಗ್ಳು. ಇವಳು ಉಣಸೇಕಾಯಿ ತಿನ್ನೋಳು, ಉಪ್ಪು ಅದ್ಕೊಂಡು. ಚಿಕ್ಕೋಳು ಆಗ. ಈಗಿಂದು ನಂಗೇನು ಗೊತ್ತು ಮಗ, ನಿಂಗೆ ಗೊತ್ತಿರ್ಬೇಕು."

ಐದನೇ ದಿನ ಬಟ್ಟೆ ತರಲು ಹೊಳೆನರಸೀಪುರಕ್ಕೆ ಬಂದವಳು ಶಾಲೆಗೆ ಹೋದೆ. ಮಕ್ಕಳು ಉಂಡು ಮುಗಿಸಿದ್ದರು. ಅಕ್ಕನ ಜೊತೆ ಅಡುಗೆ ಮಾಡುತ್ತಿದ್ದ ಹೆಂಗಸು ದೊಡ್ಡ ಪಾತ್ರೆಯೊಳಗೆ ತಲೆ ಹಾಕಿ ಉಜ್ಜುತ್ತಿದ್ದಳು. ನನ್ನನ್ನು ನೋಡಿ ಕೈ ತೊಳೆದುಕೊಂಡು ಬಂದು ಪಕ್ಕ ಕುಳಿತಳು. ಅಕ್ಕ ಇಲ್ಲಿ ಏನು ಇಷ್ಟಪಟ್ಟು ತಿನ್ನುತ್ತಿದ್ದಳು ಎಂದು ಕೇಳಿದೆ.

"ಇಷ್ಟಪಟ್ಟು ತಿನ್ನೋಕೆ ಇದೇನು ಮದ್ವೆ ಮನೆಯಾ ಕಣಕ್ಕ? ಮಕ್ಳಿಗೆಲ್ಲ ಬಡ್ಸಿ, ಉಳ್ದಿದ್ರೆ ಅನ್ನ ಸಾಂಬಾರು. ಅಂಗೈಗೆ ಒಂದು ತೊಟ್ಟು ಬುಟ್ಕೊಂಡು ಉಪ್ಪು ನೋಡೋರು, ಅಷ್ಟೇ." ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು: "ನಿಮ್ದು ಮಾತ್ರ ಯಾವಾಗ್ಲೂ ಏಳೋರು. ನಮ್ ಹುಡ್ಗಿಗೆ ಉಳ್ಳಿ ಅಂದ್ರೆ ಪ್ರಾಣ, ಬೆಳಿಗ್ಗೇನೆ ನೆನ್ಸಿಟ್ಟು ಬಂದಿವ್ನಿ ಅನ್ನೋರು."

ನಾನು ಮನೆಗೆ ಬಂದು ಡಬ್ಬಗಳ ಮುಂದೆ ನಿಂತೆ. ಒಂದೊಂದೇ ಡಬ್ಬ ತೆಗೆದು, ಅದರ ಸಾರು ಮಾಡಿದ ಯಾವುದಾದರೂ ಒಂದು ಸಂಜೆಯನ್ನು ನೆನಪಿಸಿಕೊಳ್ಳಲು ನೋಡಿದೆ. ಅಲಸಂದೆ ಮಾಡಿದ ದಿನ ಅವಳು ಎರಡನೇ ಸಲ ಬಡಿಸಿಕೊಂಡಳೇ? ಕಡಲೆಕಾಳಿನ ದಿನ ಏನಾದರೂ ಅಂದಳೇ? ನನ್ನ ತಟ್ಟೆ ನೆನಪಿಗೆ ಬರುತ್ತದೆ, ಅವಳು ಸಾರು ಬಿಡುವ ಕೈ ನೆನಪಿಗೆ ಬರುತ್ತದೆ, ಟಿವಿಯಲ್ಲಿ ಏನು ಬರುತ್ತಿತ್ತು ಎಂಬುದೂ ಬರುತ್ತದೆ. ಅವಳ ತಟ್ಟೆ ಬರುವುದಿಲ್ಲ. ಮುದ್ದೆ ಅರ್ಧ ಮಾತ್ರ ಹಾಕಿಕೊಳ್ಳುತ್ತಿದ್ದಳು, ಕೊನೆಗೆ ಮಜ್ಜಿಗೆ ಕುಡಿಯುತ್ತಿದ್ದಳು. ಹುರುಳಿಯ ದಿನ ಆ ಅರ್ಧ ಮುದ್ದೆಯನ್ನೂ ಮಜ್ಜಿಗೆಯಲ್ಲೇ ಉಂಡಳೋ ಏನೋ. ಎದುರಿಗೇ ಕುಳಿತಿದ್ದೆ, ನೋಡಿಲ್ಲ.

ಗೊತ್ತಾಗದೆ ಇದ್ದುದರಿಂದ ತಿಥಿಯ ದಿನ ಎಲ್ಲವನ್ನೂ ಮಾಡಿದೆ. ಹುರುಳಿ ಬಿಟ್ಟು ಉಳಿದ ಡಬ್ಬಗಳಿಂದ ಒಂದೊಂದು ಹಿಡಿ ಊರಿಗೆ ತೆಗೆದುಕೊಂಡು ಹೋಗಿದ್ದೆ. ಅಲಸಂದೆ ಪಲ್ಯ, ಹೆಸರುಕಾಳಿನ ಉಪ್ಪುಸಾರು, ಕಡಲೆಕಾಳಿನ ಹುಳಿ, ಅವರೆಕಾಳು, ಬೇಳೆಯ ತೊವ್ವೆ. ಹಾಸನದಿಂದ ಒಂದು ಟಿನ್ನನ್ನೂ ತರಿಸಿದ್ದೆ. ಉಪ್ಪು ಹಚ್ಚಿದ ಹುಣಸೇಕಾಯಿ ಚಿಕ್ಕಮ್ಮ ತಂದಳು. ಎಲ್ಲ ಸಣ್ಣ ಸಣ್ಣ ದೊನ್ನೆಗಳಲ್ಲಿ.

ಅಣ್ಣ ಎಲೆಯನ್ನು ಒಂದು ಸುತ್ತು ನೋಡಿದ. "ಓಟ್ಲು ಇಟ್ಟಂಗೈತೆ."

"ಇರ್ಲಿ ಬುಡು," ಎಂದಳು ಚಿಕ್ಕಮ್ಮ, "ಬಂದೋಳು ಆರ್ಸ್ಕೊಂಡು ತಿನ್ಲಿ."

ಎಡೆ ಇಟ್ಟು ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಹೋದವರು ಬಂದು ಉಣ್ಣಲಿ ಎಂದು ಹಾಗೆ ಸ್ವಲ್ಪ ಹೊತ್ತು ಬಿಡುವುದು ಪದ್ಧತಿ. ಜಗುಲಿಯ ಮೇಲೆ ಕುಳಿತ ಹೊತ್ತಿನಲ್ಲಿ ಯಾರೋ ಬೂವನಹಳ್ಳಿ ಕಡೆ ಜಮೀನಿನ ಮಾತು ತೆಗೆದರು. ಕಾಲು ಗಂಟೆ ಆದ ಮೇಲೆ ಅಣ್ಣ ಬಾಗಿಲು ತಟ್ಟಿ ತೆಗೆದ. ನಾನು ಮೊದಲು ಒಳಗೆ ಹೋಗಿ ದೊನ್ನೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಬಡಿಸಿದ ಹಾಗೆಯೇ ಇದ್ದವು. ಬೇರೆ ಥರ ಇರುತ್ತವೆ ಎಂದು ಅಂದುಕೊಂಡಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಆಮೇಲೆ ಎಡೆಯ ಊಟವನ್ನು ಮನೆಯವರು ಹಂಚಿಕೊಂಡೆವು. ಟಿನ್ನಿನ ಕಡಲೆ ಮೊದಲು ಖಾಲಿಯಾಯಿತು. ಮಕ್ಕಳು ತಿಂದರು.

ಈಗ ನಾನು ಒಬ್ಬಳೇ ಮಾಡಿಕೊಳ್ಳುತ್ತೇನೆ. ಬೆಳಿಗ್ಗೆ ಎರಡು ಹಿಡಿ ನೆನೆಹಾಕಿ ಬಸ್ಸು ಹಿಡಿಯುತ್ತೇನೆ. ಏಳೂಮುಕ್ಕಾಲಿಗೆ ಊಟ ಮುಗಿದಿರುತ್ತದೆ. ಸಾರು ಈಗ ತೆಳುವಾಗುವುದಿಲ್ಲ. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಖಾರದ ಜೊತೆಗೇ ರುಬ್ಬಬೇಕು ಎಂಬುದು ಮಾಡುತ್ತಾ ಮಾಡುತ್ತಾ ಗೊತ್ತಾಯಿತು. ಕಾಳು ಕಳಿಸುವ ಮೊದಲು ಅಣ್ಣ ಫೋನು ಮಾಡುತ್ತಾನೆ, ಯಾವುದು ಬೇಕು ಸರಿಯಾಗಿ ಹೇಳು ಎನ್ನುತ್ತಾನೆ. ನಾನೂ ಈಗ ಸರಿಯಾಗಿ ಹೇಳುತ್ತೇನೆ.

ಬರುವ ಪಿತೃಪಕ್ಷಕ್ಕೆ ಮತ್ತೆ ಎಡೆ ಇಡಬೇಕು. ಅಕ್ಕನಿಗೆ ಏನು ಇಷ್ಟವಿತ್ತು ಎಂಬುದು ನನಗೆ ಇನ್ನೂ ಗೊತ್ತಿಲ್ಲ.