ಅರಿಶಿಣ ಕುಡಿದ ಲಾರಿ

ಮೊನ್ನೆ ದೊಡ್ಡ ಮೊಮ್ಮಗ ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ, ಕುದ್ದು ನಿಂತ ರೇಡಿಯೇಟರ್ ನೋಡುತ್ತ, ಫೋನಿನಲ್ಲಿ ಗ್ಯಾರೇಜಿನವನನ್ನು ಬಯ್ಯುತ್ತಿದ್ದ. ಕಾದ ಕಬ್ಬಿಣದ ಆ ವಾಸನೆಗೆ ನನಗೆ ಬಬಲೇಶ್ವರದ ಮನೆ ನೆನಪಾಯಿತು, ಮಕ್ಕಳೇ.

ಆಗ ನಾನು ಹೊಸ ಸೊಸೆ. ನಿಮ್ಮ ಅಜ್ಜನ ಹಳೆಯ ಲಾರಿ ವಿಜಯಪುರದ ಪೇಟೆಗೆ ಜೋಳ ಒಯ್ಯುತ್ತಿತ್ತು. ಎಂಜಿನ್ ತಣಿಸುವ ನೀರಿರುವ ಅದರ ರೇಡಿಯೇಟರ್ ಸೋರಿದಾಗಲೆಲ್ಲ ಅವರು ಒಂದು ಹಿಡಿ ಅರಿಶಿಣ ಪುಡಿ ಕೇಳಿ ಒಯ್ದು ಅದರೊಳಗೆ ಹಾಕುತ್ತಿದ್ದರು. ಪುಡಿ ಉಬ್ಬಿ ತೂತು ಮುಚ್ಚುತ್ತದೆಂದು ನನಗೇನು ಗೊತ್ತು? ಹೊಸ ಗಡಿಗೆಗೂ ಹೊಸ ಸೀರೆಯ ಸೆರಗಿಗೂ ಅರಿಶಿಣ ಮುಟ್ಟಿಸುವ ಮನೆಯಲ್ಲಿ ಬೆಳೆದವಳು. ಇದೂ ಒಂದು ಪೂಜೆ ಎಂದುಕೊಂಡಿದ್ದೆ. ಕೇಳಬಹುದಿತ್ತು. ಆದರೆ ನನಗೆ ನಾಲಿಗೆ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಇನ್ನೂ ಖಾತ್ರಿಯಾಗಿರಲಿಲ್ಲ.

ಕಡೆಗೆ ಲಾರಿ ರಿಪೇರಿ ಮಾಡುವ ತಿಕೋಟಾದ ಮೋದಿನಸಾಬ ಮಿಸ್ತ್ರಿ ಹೊಸ ರೇಡಿಯೇಟರ್ ತಂದ. ಹಳೆಯದನ್ನು ಬಿಚ್ಚಿ, ಹೊಸದನ್ನು ಹಸುಗೂಸಿನಂತೆ ಎತ್ತಿ ಕೂರಿಸಿ, ರಬ್ಬರ್ ಪೈಪು ಬಿಗಿದು ನೀರು ತುಂಬಿದ. ಒಳಗಿನ ಗಾಳಿ ಹೊರಹೋಗಲೆಂದು ಮುಚ್ಚಳ ತೆಗೆದಿಟ್ಟು ಅವನೂ ನಿಮ್ಮ ಅಜ್ಜನೂ ಬೇವಿನ ನೆರಳಲ್ಲಿ ರೊಟ್ಟಿಗೆ ಕುಳಿತರು. ಹೊಸದಲ್ಲವೇ ಎಂದು ನಾನು ಸದ್ದಿಲ್ಲದೆ ಹೋಗಿ ಮೂರು ಹಿಡಿ ಅರಿಶಿಣ ಸುರಿದು ಮುಚ್ಚಳ ತಿರುವಿ ಬಂದೆ. ಮುಚ್ಚಿದವನು ಮಿಸ್ತ್ರಿಯೆಂದು ಇವರು, ಇವರೆಂದು ಮಿಸ್ತ್ರಿ ತಿಳಿದರು.

ಮರುದಿನ ಲಾರಿ ಅರ್ಧ ದಾರಿಯಲ್ಲೇ ಕುದ್ದು ನಿಂತಿತು. ನಿಮ್ಮ ಅಜ್ಜ ಹೇಗೋ ತಿರುಗಿ ತಂದು ಮಿಸ್ತ್ರಿಯನ್ನು ಕರೆಸಿದರು.

"ಹೊಸಾದಂತ ಹೇಳಿ ಹಳೇ ಮಾಲ ಹಚ್ಚೀಯೇನಲೇ? ಸ್ಟ್ಯಾಂಡಿನ್ಯಾಗ ಎಲ್ಲಾ ಡ್ರೈವರಗೋಳಿಗೆ ಹೇಳ್ತೀನಿ!"

"ಅಲ್ಲಾನ ಆಣಿ, ಹೊಸಾದ ಐತ್ರಿ. ಹಂಗ ಹೇಳಿದ್ರ ನನ್ನ ಕಡೆ ಯಾರ ಗಾಡಿ ತರ್ತಾರ್ರೀ?"

ಬಾಗಿಲ ಹಿಂದಿದ್ದ ನಾನು ಹೊಸ್ತಿಲಿಗೆ ಬಂದೆ.

"ಅರಿಷಿಣ ನಾ ಹಾಕೀನ್ರಿ," ಅಂದೆ. "ಮೂರು ಹಿಡಿ."

ಮಿಸ್ತ್ರಿ ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸಿದ. ಹಳದಿ ಗಂಜಿ ಅಂಗಳಕ್ಕಿಳಿಯಿತು. ಆಮೇಲೆ ಅವನೇ ನಕ್ಕ.

"ಏನೂ ಆಗಿಲ್ಲ ಧಣ್ಯಾರ. ಮದಿಮಗಗ ಅರಿಷಿಣ ಹಚ್ಯಾರ. ಅಕ್ಕಿಕಾಳ ಒಗಿಯೂದಷ್ಟ ಉಳದೈತಿ!"

ನಿಮ್ಮ ಅಜ್ಜ ನನ್ನ ಕಡೆ ನೋಡಲಿಲ್ಲ. "ತಪ್ಪಾತು ಮಿಸ್ತ್ರಿ," ಎಂದರು. ಅವರು ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ಸಲ ನೀರು ಹಾಯಿಸಿ ತೊಳೆದ ಮೇಲೆ ಲಾರಿ ತಣ್ಣಗೆ ಓಡಿತು.

ಇಷ್ಟು ನೆನೆಯುವಷ್ಟರಲ್ಲಿ ಮೊಮ್ಮಗನ ಬಯ್ಗುಳ ಇನ್ನೂ ಏರಿತ್ತು. ಹೊಸ್ತಿಲು ದಾಟಿ ಹೊರಗೆ ಬಂದೆ.

"ಫೋನ್ ಇಡಪಾ. ಮೊದಲ ಮನ್ಯಾಗ ಕೇಳು."

"ಮನ್ಯಾಗ ಯಾರನ್ನ ಕೇಳ್ಲಿ ಅಜ್ಜಿ?"

"ಯಾರು ಸುಮ್ಮನಿರ್ತಾರಲ್ಲ, ಅವರನ್ನ."