ರಂಗೋಲಿ ಹಾಕಬಾರದ ಬಾಗಿಲು

ಮಕ್ಕಳೇ, ನಾನೂ ನಿಮ್ಮ ತಾತನೂ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆಗೆ ಇದ್ದಾಗ ನಮ್ಮ ಬೀದಿಗೆ ಇಬ್ಬರು ಪೊಲೀಸರು ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಯಾರ ಮನೆಗೆ ಬೀಗ ಬಿದ್ದಿದೆ, ಯಾರು ಊರಿಗೆ ಹೋಗಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಒಬ್ಬರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದ ವಯಸ್ಸಾದ ಪೇದೆಯೇ ಪಕ್ಕದ ಮರಳೂರನ್ನೂ ನೋಡಿಕೊಳ್ಳಬೇಕಾಯಿತು. ನಮ್ಮ ಕಡೆ ಅವರು ಬರುವುದೇ ಅಪರೂಪವಾಯಿತು. ಹಿಂದಿನ ಬೀದಿಯ ಬೀಗ ಹಾಕಿದ ಮನೆಯಿಂದ ಹಾಡಹಗಲೇ ಪಾತ್ರೆಗಳು ಹೋದವು.

ಪೇದೆ ನಲ್ಲಿಯ ಹತ್ತಿರ ಸೈಕಲ್ ನಿಲ್ಲಿಸಿ ಹೆಂಗಸರಿಗೆ ಹೇಳಿದರು: "ಬಾಗ್ಲಲ್ಲಿ ರಂಗೋಲಿ ಇಲ್ದಿದ್ರೆ ಮನೇಲಿ ಜನ ಇಲ್ಲ ಅಂತ ಕಳ್ಳಂಗೆ ಗೊತ್ತಾಗ್ತದೆ ಕಣ್ರಮ್ಮ. ಊರಿಗೆ ಹೋದವ್ರ ಮನೆ ಮುಂದೆ ನೀವೇ ಒಂದೆಳೆ ಎಳೆದ್ಬುಡಿ. ನಾನೊಬ್ನೇ ಎಷ್ಟು ಕಡೆ ಅಂತ ಪೆಡ್ಲು ತುಳೀಲಿ?"

ಪಕ್ಕದ ಮನೆಯ ಅಕ್ಕ, ಮಾವನಿಗೆ ಹುಷಾರಿಲ್ಲವೆಂದು ಮನೆಯವರೊಂದಿಗೆ ಕುಣಿಗಲ್ಲಿಗೆ ಹೊರಟಳು. ಮಗಳ ಮದುವೆಗೆ ಕೂಡಿಟ್ಟ ಹಿತ್ತಾಳೆ ಸಾಮಾನೆಲ್ಲ ಒಳಗಿತ್ತು. "ನೀನಿದೀಯ ಅಂತ ಹೋಗ್ತಿದೀನಿ ಕಣೇ," ಎಂದಳು.

ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೂ ಅವಳ ಬಾಗಿಲಿಗೂ ರಂಗೋಲಿ ಹಾಕುತ್ತಿದ್ದೆ. ಒಂದು ದಿನ ಅವರ ನೆಂಟರೊಬ್ಬರು ಬಂದು, ಅಕ್ಕನ ಮಾವ ತೀರಿಹೋದರೆಂದು ಹೇಳಿ ಹೋದರು. ಸೂತಕದ ಮನೆ ಮುಂದೆ ರಂಗೋಲಿ ಹೇಗಿರುತ್ತದೆ? ನೀರು ಹಾಕಿ ತೊಳೆದುಬಿಟ್ಟೆ. ತೊಳೆದ ಮೇಲೆ ಆ ಖಾಲಿ ಬಾಗಿಲನ್ನು ನೋಡಿ ಪೇದೆ ಹೇಳಿದ ಮಾತು ನೆನಪಾಯಿತು.

ಬೀದಿಯಲ್ಲಿ ಗಂಡಸರು ಬಂದರೆ ಸೆರಗು ಹೊದ್ದು ಒಳಗೆ ಹೋಗುವವಳು ನಾನು. ಅಂದು ಗುಬ್ಬಿಯ ತವರಿನಿಂದ ಬಂದಿದ್ದ ತೆಂಗಿನ ಗರಿ ತೆಗೆದುಕೊಂಡು ಹೋಗಿ, ಪೊರಕೆ ಕಡ್ಡಿ ಸೀಳುತ್ತ ಅಕ್ಕನ ಮನೆಯ ಜಗಲಿಯ ಮೇಲೆ ಕೂತೆ.

ಎದುರು ಮನೆಯ ಅಜ್ಜಿ ಕೂಗಿದರು: "ಏನೇ, ಬೀದಿಗೇ ಬರದೋಳು ಇವತ್ತು ಜಗ್ಲಿ ಮೇಲೆ ದರ್ಬಾರು?"

"ರಂಗೋಲಿ ಹಾಕಂಗಿಲ್ವಲ್ಲ ಅಜ್ಜಿ. ಅದ್ಕೇ ನಾನೇ ಕೂತೆ."

"ನಿನ್ನ ನೋಡುದ್ರೆ ಕಾಗೆನೂ ಹೆದ್ರಲ್ಲ. ತಡಿ, ನಾನೂ ಬಂದೆ."

"ಸೂತಕದ ಮನೆ ಅಜ್ಜಿ..."

"ಹೋಗಿ ತಲೆ ಮೇಲೆ ನೀರು ಹುಯ್ಕೊಂಡ್ರಾಯ್ತು ಬುಡು."

ಮಾರನೆಯ ದಿನ ಮಧ್ಯಾಹ್ನ, ಅಜ್ಜಿ ಎಲೆಅಡಿಕೆ ತರಲು ಒಳಗೆ ಹೋಗಿದ್ದಾಗ, ಗುರುತಿಲ್ಲದವನೊಬ್ಬ ಗೋಣಿಚೀಲ ಹಿಡಿದು ಬಂದ. "ಈ ಮನೆಯವ್ರು ಯಾವಾಗ ಬರ್ತಾರಮ್ಮ?" ಎಂದ.

ಅಭ್ಯಾಸದಂತೆ ಸೆರಗು ಹೊದ್ದುಕೊಂಡೆ. ಆದರೂ ಕೇಳಿದೆ, "ನಿಮ್ಮ ಹೆಸ್ರೇನು? ಪೊಲೀಸ್ನೋರು ಕೇಳ್ತಾರೆ, ಹೇಳ್ಬೇಕು."

ಅವನು ಹೆಸರೂ ಹೇಳಲಿಲ್ಲ, ಅಲ್ಲಿ ನಿಲ್ಲಲೂ ಇಲ್ಲ.

"ಬಾಯಿ ಐತೆ ಕಣೇ ನಿಂಗೆ!" ಎಂದು ಅಜ್ಜಿ ತಮ್ಮ ಬಾಗಿಲಿಂದಲೇ ನಕ್ಕರು. ಅವತ್ತು ಸಂಜೆಯಿಂದ ಬೀದಿಯ ಹೆಂಗಸರೆಲ್ಲ ಸರದಿಯ ಮೇಲೆ ಬಂದು ಕೂತರು.

ತಿಥಿ ಮುಗಿಸಿ ಅಕ್ಕ ಬಂದಾಗ ನಾನೂ ಅಜ್ಜಿಯೂ ಜಗಲಿಯ ಮೇಲಿದ್ದೆವು. ಹಾಕಿದ ಬೀಗ ಹಾಗೇ ಇತ್ತು. ಅವಳು ಅದನ್ನು ನೋಡಲೇ ಇಲ್ಲ. ಬರಿದಾಗಿದ್ದ ಬಾಗಿಲ ಮುಂದಿನ ನೆಲ ನೋಡಿದಳು.

"ನಿಂಗೆ ಸುದ್ದಿ ಮುಟ್ಟಿರಲ್ಲ, ರಂಗೋಲಿ ಹಾಕಿರ್ತೀಯ ಅಂತ ಬಸ್ಸಲ್ಲೆಲ್ಲ ಅದೇ ಸಂಕಟ ಕಣೇ. ಪಾತ್ರೆ ಹೋದ್ರೂ ಹೋಗ್ಲಿ, ಸಾವಿನ ಮನೆ ಮುಂದೆ ರಂಗೋಲಿ ಇರ್ಬಾರ್ದು ಅನ್ಸಿತ್ತು."

ಬೀಗ ತೆಗೆಯದೆಯೇ ನಮ್ಮ ನಡುವೆ ಜಗಲಿಯ ಮೇಲೆ ಕೂತು, ಮಾವನ ಕಡೆಯ ದಿನಗಳ ಮಾತು ಹೇಳತೊಡಗಿದಳು.